ಅರ್ಜಿ ಕೇಳದ ಸರ್ವರ್

ಆಟವಾಡಲು ಅರ್ಜಿ ಬರೆಯಬೇಕು ಎಂದರೆ ನಮ್ಮ ಕಡೆಯ ಹಿರಿಯರು ನಂಬುವುದಿಲ್ಲ. ಆದರೆ ಇಂಟರ್ನೆಟ್‌ನಲ್ಲಿ ಹತ್ತಾರು ಮಂದಿ ಒಟ್ಟಿಗೆ ಸೇರಿ ಆಡುವ ಆಟಗಳ ಲೋಕದಲ್ಲಿ ಇದು ದಿನನಿತ್ಯದ ಮಾತು. ಯಾರೋ ಒಬ್ಬರು ಸರ್ವರ್ ನಡೆಸುತ್ತಾರೆ, ಅಂದರೆ ಆಟದ ಲೋಕವನ್ನು ಇಟ್ಟುಕೊಂಡು ಆಡುವವರನ್ನೆಲ್ಲ ಜೋಡಿಸುವ ಕಂಪ್ಯೂಟರನ್ನು. ಒಳಗೆ ಬರಬೇಕಾದವರು ಮೊದಲು ಫಾರಂ ತುಂಬಬೇಕು. ವಯಸ್ಸೆಷ್ಟು, ಯಾವ ದೇಶ, ಎಷ್ಟು ವರ್ಷದಿಂದ ಆಡುತ್ತಿದ್ದೀರಿ, ಮೈಕ್ ಇದೆಯೇ, ನಮ್ಮಲ್ಲಿ ಯಾರ ಪರಿಚಯವಿದೆ, ಹಿಂದೆ ಆಟದಲ್ಲಿ ಕಟ್ಟಿದ ಕಟ್ಟಡಗಳ ಚಿತ್ರ ಕಳುಹಿಸಿ, ನಿಮ್ಮನ್ನು ಏಕೆ ಸೇರಿಸಿಕೊಳ್ಳಬೇಕು ಎಂಬುದನ್ನು ಎರಡು ಪ್ಯಾರಾದಲ್ಲಿ ವಿವರಿಸಿ. ಅಷ್ಟೂ ಇಂಗ್ಲಿಷ್‌ನಲ್ಲಿ. ನಡೆಸುವವರು ಅದನ್ನು ಓದಿ ಒಪ್ಪಿದರೆ ನಿಮ್ಮ ಹೆಸರು ವೈಟ್‌ಲಿಸ್ಟ್ ಎಂಬ ಪಟ್ಟಿಗೆ ಏರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರು ಒಳಗೆ ಬರಲು ನೋಡಿದರೆ ಒಂದು ಸಾಲಿನ ನಿರಾಕರಣೆ ಕಾಣಿಸಿ ಸಂಪರ್ಕ ಕಡಿದುಹೋಗುತ್ತದೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ವಾರಗಟ್ಟಲೆ ಕೂತು ಕಟ್ಟಿದ ಊರಿಗೆ ಯಾರೋ ಅಪರಿಚಿತ ಬಂದು ಬೆಂಕಿ ಇಟ್ಟು ಹೋದದ್ದನ್ನು ಕಂಡವರು ಬಾಗಿಲಿಗೆ ಅಗುಳಿ ಹಾಕುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ನನ್ನ ತಕರಾರು ಇರುವುದು ಅಗುಳಿಯ ಬಗ್ಗೆಯಲ್ಲ, ಅದರಿಂದ ಹೊರಗೆ ಉಳಿಯುವವರು ಯಾರು ಎಂಬುದರ ಬಗ್ಗೆ.

ಹೊಸನಗರದಿಂದ ನಗರ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ ರಸ್ತೆ ಬಿಟ್ಟು ಕೆಳಗಿಳಿದರೆ ಸಿಗುವ ಒಂದು ಮನೆಯನ್ನು ನಾನು ಬಲ್ಲೆ. ಅಲ್ಲಿ ಜಗಲಿಯ ಬಲ ತುದಿಯಲ್ಲಿ ಕೂತರೆ ಮಾತ್ರ ಮೊಬೈಲ್‌ಗೆ ಸಿಗ್ನಲ್ ಬರುತ್ತದೆ. ಮೊಬೈಲ್ ಅಪ್ಪನದು, ಅವರು ತೋಟದಿಂದ ಬಂದ ಮೇಲೆ, ರಾತ್ರಿಯ ಊಟಕ್ಕೆ ಮೊದಲು, ಹೈಸ್ಕೂಲಿನಲ್ಲಿ ಓದುವ ಮಗಳ ಕೈಗೆ ಸಿಗುತ್ತದೆ. ಆ ಹುಡುಗಿ ಕನ್ನಡ ಮಾಧ್ಯಮದವಳು. ಲೆಕ್ಕದಲ್ಲಿ ಜಾಣೆ, ಮಾತಿನಲ್ಲಿ ಸಂಕೋಚ. ಅವಳ ಮುಂದೆ ಆ ಫಾರಂ ಇಟ್ಟರೆ ಏನಾಗುತ್ತದೆ? ‘ನಮ್ಮಲ್ಲಿ ಯಾರ ಪರಿಚಯವಿದೆ’ ಎಂಬ ಪ್ರಶ್ನೆಗೇ ಅವಳು ಪರದೆ ಮುಚ್ಚುತ್ತಾಳೆ. ಧೈರ್ಯ ಮಾಡಿ ತುಂಬಿದಳು ಎಂದೇ ಇಟ್ಟುಕೊಳ್ಳೋಣ. ಉತ್ತರ ಬರುವುದು ಮೂರು ದಿನಕ್ಕೋ ವಾರಕ್ಕೋ. ಅಷ್ಟರಲ್ಲಿ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದಿರುತ್ತದೆ, ಇಲ್ಲವೇ ಪರೀಕ್ಷೆ ಬಂದಿರುತ್ತದೆ. ಆಸೆ ಹುಟ್ಟಿದ ಆ ಅರ್ಧ ಗಂಟೆಯಲ್ಲಿ ಒಳಗೆ ಬರಲಾಗದಿದ್ದರೆ ಅವಳು ಮತ್ತೆ ಬರುವುದಿಲ್ಲ.

ಅನುಮತಿ ಕೇಳದ ಸರ್ವರ್‌ಗಳು ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಶಿಫಾರಸು ಮಾಡಲು ಯಾರೂ ಇಲ್ಲದವರಿಗೆ, ತಮ್ಮ ಪರವಾಗಿ ಎರಡು ಪ್ಯಾರಾ ಬರೆಯಲು ಬಾರದವರಿಗೆ ತೆರೆದ ಬಾಗಿಲೇ ಇರುವ ಒಂದೇ ಬಾಗಿಲು. ಅರ್ಜಿಯ ಪದ್ಧತಿ ಕೆಟ್ಟವರನ್ನು ಎಷ್ಟು ತಡೆಯುತ್ತದೆಯೋ ಗೊತ್ತಿಲ್ಲ, ನಾಚಿಕೆಯವರನ್ನು ಮಾತ್ರ ಖಂಡಿತ ತಡೆಯುತ್ತದೆ. ಕೆಡಿಸಬೇಕೆಂದು ಬರುವವನಿಗೆ ಎರಡು ಪ್ಯಾರಾ ಸುಳ್ಳು ಬರೆಯುವುದು ಕಷ್ಟವಲ್ಲ.

ನಾನು ಶಿವಮೊಗ್ಗದಲ್ಲಿ ಕೂತು ನಡೆಸುವುದು ಲುವಾಂಟಿ ಎಂಬ ಆಟದ ಒಂದು ಚಿಕ್ಕ ಸರ್ವರ್. ಫಿನ್ಲೆಂಡಿನ ಪೆರ್ಟ್ಟು ಅಹೋಲಾ 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಇದು; 2024ರ ಅಕ್ಟೋಬರ್‌ನಲ್ಲಿ ಹೆಸರು ಬದಲಾಯಿತು. ಮೈನ್‌ಕ್ರಾಫ್ಟ್ ಎಂಬ ಹೆಸರಾಂತ ಆಟದಂತೆ ಇಲ್ಲಿಯೂ ನೆಲ, ಮರ, ಬೆಟ್ಟ ಎಲ್ಲವೂ ಘನಗಳಿಂದ ಆದವು. ಅಗೆಯಬಹುದು, ಕಟ್ಟಬಹುದು, ಪಕ್ಕದವರ ಜೊತೆ ಸೇರಿ ಊರನ್ನೇ ಎಬ್ಬಿಸಬಹುದು. ದುಡ್ಡು ಕೊಡಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಅಗ್ಗದ ಆಂಡ್ರಾಯ್ಡ್ ಮೊಬೈಲ್‌ನಲ್ಲಿ ನಡೆಯುತ್ತದೆ. ಆಟ ತೆರೆದರೆ ಜಗತ್ತಿನ ಸಾರ್ವಜನಿಕ ಸರ್ವರ್‌ಗಳ ಪಟ್ಟಿ ಕಾಣುತ್ತದೆ. ಒಂದನ್ನು ಆರಿಸಿ, ಇಷ್ಟಬಂದ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಆ ಕ್ಷಣದಲ್ಲೇ ಖಾತೆ ತಯಾರು. ಇಮೇಲ್ ಬೇಡ, ಫೋನ್ ನಂಬರ್ ಬೇಡ, ಒಟಿಪಿ ಬೇಡ.

ಒಳಗೆ ಬಂದ ಹೊಸಬರಿಗೆ ಎರಡು ಅಧಿಕಾರಗಳು ತಾವಾಗಿಯೇ ಸಿಗುತ್ತವೆ. ಒಂದಕ್ಕೆ ಇಂಟರ್‌ಆ್ಯಕ್ಟ್ ಎಂದು ಹೆಸರು, ಅಂದರೆ ಅಗೆಯುವ, ಇಡುವ, ಮುಟ್ಟುವ ಹಕ್ಕು. ಇನ್ನೊಂದು ಶೌಟ್, ಅಂದರೆ ಎಲ್ಲರಿಗೂ ಕಾಣುವಂತೆ ಮಾತಾಡುವ ಹಕ್ಕು. ಸರ್ವರ್‌ನ ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲನ್ನು ಬದಲಿಸಿದರೆ ಹೊಸಬರು ನೋಡಬಹುದು, ಮಾತಾಡಬಹುದು, ಆದರೆ ಏನನ್ನೂ ಮುಟ್ಟುವಂತಿಲ್ಲ ಎಂದು ಮಾಡಬಹುದು. ಅನೇಕ ಸರ್ವರ್‌ಗಳು ಹಾಗೆ ಮಾಡಿವೆ. ಮೈನ್‌ಕ್ರಾಫ್ಟ್‌ನ ಸರ್ವರ್ ಕಡತದಲ್ಲಿಯೂ ವೈಟ್‌ಲಿಸ್ಟ್‌ಗೆ ಒಂದು ಸಾಲಿದೆ. ತಂತ್ರಾಂಶವನ್ನು ಹೊಸದಾಗಿ ಇಳಿಸಿಕೊಂಡಾಗ ಅದರ ಎದುರು ಇರುವುದು ಫಾಲ್ಸ್, ಅಂದರೆ ‘ಇಲ್ಲ’ ಎಂಬ ಪದ. ಪಟ್ಟಿ ಬೇಕೆಂದವರು ಕೈಯಾರೆ ಹೋಗಿ ಅದನ್ನು ಟ್ರೂ ಮಾಡಬೇಕು. ಎರಡೂ ಕಡೆ ತಯಾರಿಸಿದವರು ಬಿಟ್ಟುಹೋದ ಸ್ಥಿತಿ ತೆರೆದ ಸ್ಥಿತಿಯೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇನ್ನೊಂದು ಬಾಗಿಲು ಇದೆ, ಅದನ್ನು ಬಾಗಿಲು ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ತೂಕ. ಲುವಾಂಟಿಯಲ್ಲಿ ಮೊದಲ ಸಲ ಸೇರುವಾಗ ಆ ಸರ್ವರ್‌ಗೆ ಬೇಕಾದ ಚಿತ್ರಗಳು, ಸದ್ದುಗಳು ಎಲ್ಲವೂ ಸರ್ವರ್‌ನಿಂದಲೇ ಇಳಿಯಬೇಕು. ನಡೆಸುವವರು ಆಸೆಪಟ್ಟು ನೂರು ಬಗೆಯ ಪೀಠೋಪಕರಣ, ಇನ್ನೂರು ಬಗೆಯ ಹೂವು ಸೇರಿಸಿದರೆ ಬೆಂಗಳೂರಿನ ಫೈಬರ್‌ಗೆ ಅದು ಲೆಕ್ಕಕ್ಕಿಲ್ಲ. ಆಗುಂಬೆ ಘಾಟಿಯ ಮೇಲಿನ ಹಳ್ಳಿಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ಕೂತವನಿಗೆ ಎಷ್ಟು ಇಳಿಯಿತು ಎಂದು ತೋರಿಸುವ ಪಟ್ಟಿ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಅನುಮತಿ ಬೇಡ ಎಂದು ಬರೆದುಕೊಂಡ ಸರ್ವರ್ ಕೂಡ ಅವನ ಪಾಲಿಗೆ ಮುಚ್ಚಿದ್ದೇ. ಹಾಗಾಗಿ ನಮ್ಮ ಸರ್ವರ್‌ಗೆ ಹೊಸ ಸಾಮಾನು ಬೇಕೆಂದು ಯಾರಾದರೂ ಕೇಳಿದಾಗ ನಾನು ಮೊದಲು ನೋಡುವುದು ಅದು ಎಷ್ಟು ಭಾರ ಎಂಬುದನ್ನು. ಈ ಜಿಪುಣತನವನ್ನು ಬಿಡುವ ಮನಸ್ಸು ನನಗಿಲ್ಲ.

ಅಪರಿಚಿತರಿಗೆ ಬಾಗಿಲು ತೆರೆಯುವ ಪದ್ಧತಿ ಈ ಆಟಗಳಷ್ಟೇ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಬರೆಯತೊಡಗಿದ, ಆಮೇಲೆ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಆಟದಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಅಕ್ಷರ. ಒಂದೇ ಲೋಕದೊಳಗೆ ಹಲವರು ಏಕಕಾಲಕ್ಕೆ ಅಡ್ಡಾಡುವುದು ಅಲ್ಲಿ ಸಾಧ್ಯವಾಯಿತು. ವಿಶ್ವವಿದ್ಯಾಲಯದ ಕಂಪ್ಯೂಟರ್ ಖಾಲಿ ಇರುವ ರಾತ್ರಿಯ ಹೊತ್ತಿನಲ್ಲಿ ಹೊರಗಿನವರೂ ದೂರವಾಣಿಯ ಮೂಲಕ ಬಂದು ಆಡಬಹುದಿತ್ತು. ನಿದ್ದೆಗೆಟ್ಟು ಬರುತ್ತಿದ್ದ ಆ ಹೊರಗಿನವರಿಂದಲೇ ಆಟ ಊರೂರು ಹಬ್ಬಿತು. 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಆಸ್ಪ್ನೆಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರ ಟೈನಿಮಡ್‌ನಲ್ಲಿ ಕಾದಾಟವನ್ನು ತೆಗೆದುಹಾಕಿ, ಬಂದ ಯಾರು ಬೇಕಾದರೂ ಹೊಸ ಕೋಣೆಗಳನ್ನು ಕಟ್ಟಬಹುದು ಎಂದು ಮಾಡಿದರು. ಇವತ್ತಿನ ಘನಗಳ ಆಟದ ಮುತ್ತಜ್ಜ ಅದು.

ತೆರೆದ ಬಾಗಿಲಿನ ಕಷ್ಟವೂ ಅಷ್ಟೇ ಹಳೆಯದು. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಪಾವೆಲ್ ಕರ್ಟಿಸ್ ನಡೆಸುತ್ತಿದ್ದ ಲ್ಯಾಂಬ್ಡಾಮೂ ಎಂಬ ಇದೇ ಬಗೆಯ ಅಕ್ಷರಗಳ ಲೋಕಕ್ಕೆ ಅತಿಥಿಯಾಗಿ ಯಾರು ಬೇಕಾದರೂ ಬರಬಹುದಿತ್ತು. 1993ರಲ್ಲಿ ಅಲ್ಲಿನ ಒಬ್ಬ ಬಳಕೆದಾರ ಎಲ್ಲರೆದುರು ಕೆಲವರ ಮೇಲೆ ಅತ್ಯಂತ ಹೀನವಾದ ಮಾತಿನ ಹಲ್ಲೆ ನಡೆಸಿದ. ಅಲ್ಲಿದ್ದವರು ದಿನಗಟ್ಟಲೆ ಚರ್ಚಿಸಿದರು. ಕೊನೆಗೆ ಮೇಲ್ವಿಚಾರಕರಲ್ಲೊಬ್ಬರು ತಮ್ಮ ಹೊಣೆಯಲ್ಲೇ ಅವನ ಖಾತೆಯನ್ನು ಅಳಿಸಿಹಾಕಿದರು. ಆಮೇಲೆ ಕರ್ಟಿಸ್ ಮಾಡಿದ್ದು ಬಾಗಿಲು ಮುಚ್ಚುವ ಕೆಲಸವನ್ನಲ್ಲ. ಒಳಗಿರುವವರು ಅರ್ಜಿ ಎತ್ತಿ, ಮತ ಹಾಕಿ ನಿಯಮ ಮಾಡಿಕೊಳ್ಳುವ ವ್ಯವಸ್ಥೆಯನ್ನು ತಂದರು. ಅರ್ಜಿ ಅಲ್ಲಿಯೂ ಬಂತು. ಆದರೆ ಅದನ್ನು ಬರೆಯಬೇಕಾದವರು ಹೊರಗೆ ನಿಂತವರಲ್ಲ, ಒಳಗೆ ಬದುಕುತ್ತಿದ್ದವರು. ಈ ವ್ಯತ್ಯಾಸ ದೊಡ್ಡದು.

ನಿಯಮವೇ ಬೇಡ ಎಂದವರೂ ಇದ್ದಾರೆ. 2010ರ ಡಿಸೆಂಬರ್‌ನಲ್ಲಿ ಶುರುವಾದ ಟುಬಿಟುಟಿ ಎಂಬ ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಅನುಮತಿಯೂ ಇಲ್ಲ, ಕಾನೂನೂ ಇಲ್ಲ. ಹೊಸಬರು ಕಣ್ಣುಬಿಡುವ ಜಾಗದ ಸುತ್ತ ಮರವಿಲ್ಲ, ಹುಲ್ಲಿಲ್ಲ, ಬಾಂಬು ಬಿದ್ದಂತೆ ಗುಂಡಿಗಳು. 2016ರಲ್ಲಿ ಯೂಟ್ಯೂಬ್ ನೋಡಿದ ಜನ ಒಮ್ಮೆಲೆ ನುಗ್ಗಿದಾಗ ಸರದಿ ಸಾಲು ಬಂತು. ಹಣ ಕೊಟ್ಟವರಿಗೆ ಬೇಗ ಜಾಗ ಸಿಗುವ ಇನ್ನೊಂದು ಸಾಲೂ ಬಂತು. ಯಾರನ್ನೂ ತಡೆಯದ ಜಾಗದಲ್ಲಿ ಕೊನೆಗೆ ಹಣವೇ ತಡೆಯಾಯಿತು. ಹದಿನೈದು ವರ್ಷ ಮೀರಿ ಉಳಿದಿರುವುದು ಅದರ ಸಾಧನೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಕ್ಕಳನ್ನು ಕರೆತರುವ ಜಾಗ ಅದಲ್ಲ.

ನನ್ನ ಮನಸ್ಸಿನಲ್ಲಿರುವ ಮಾದರಿ ನಮ್ಮ ಕಡೆಯ ಉಣುಗೋಲು. ಹಾದಿಯ ಎರಡು ಬದಿಗೆ ತೂತು ಕೊರೆದ ಕಂಬಗಳು, ನಡುವೆ ಅಡ್ಡಕ್ಕೆ ಸರಿಸಿದ ಬಿದಿರಿನ ಗಳ. ಬೀಗವಿಲ್ಲ. ತಡೆಯುವುದು ದನವನ್ನು ಮಾತ್ರ. ಮನುಷ್ಯರು ಯಾರೇ ಆಗಲಿ ಗಳ ಸರಿಸಿ ದಾಟಬಹುದು. ಯಾರ ಮನೆಯವರು, ಏನು ಕೆಲಸ ಎಂದು ಉಣುಗೋಲು ಕೇಳುವುದಿಲ್ಲ. ಹಿಂದಿರುಗಿ ಗಳವನ್ನು ಮತ್ತೆ ಎಳೆದುಬಿಡಬೇಕು ಎಂಬುದೊಂದೇ ಕಟ್ಟಳೆ.

ಸರ್ವರ್‌ನಲ್ಲಿ ಆ ಕಟ್ಟಳೆಯನ್ನು ಕಾಯುವುದು ಹೇಗೆ ಎಂಬುದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ.

ಲುವಾಂಟಿಯಲ್ಲಿ ಒಂದು ಘನವೆಂದರೆ ಒಂದು ಮೀಟರ್. ಲೋಕದ ಎತ್ತರಕ್ಕೆ ಬಿಗಿಯಾದ ಮಿತಿ ಇಲ್ಲ. ನೆಲದಿಂದ ಮೇಲಕ್ಕೆ ಸುಮಾರು 31,000 ಘನಗಳವರೆಗೆ ಹೋಗಬಹುದು. ಇದನ್ನು ಲೆಕ್ಕ ಹಾಕಿದ ಸಾಗರದ ಕಡೆಯ ಹುಡುಗನೊಬ್ಬ ಜೋಗವನ್ನು ನಿಜವಾದ ಅಳತೆಯಲ್ಲೇ ಕಟ್ಟೋಣ ಎಂದ. ಜೋಗದ ಎತ್ತರ 253 ಮೀಟರ್. ಅಂದರೆ 253 ಘನಗಳ ಬಂಡೆ. ಮಕ್ಕಳು ಸಂಜೆ ಸಂಜೆ ಕೂತು ಆ ಗೋಡೆಯನ್ನು ಎಬ್ಬಿಸಿದರು. ರಾಜ ಸುಲಭವಾಯಿತು. ಆಟದಲ್ಲಿ ನೀರು ಅಡ್ಡಕ್ಕೆ ಕೆಲವೇ ಘನ ಹರಿದು ನಿಲ್ಲುತ್ತದೆ, ಕೆಳಕ್ಕಾದರೆ ತಡೆ ಸಿಗುವವರೆಗೂ ಬೀಳುತ್ತದೆ. ಮೇಲೆ ಒಂದು ಬಕೆಟ್ ನೀರಿಟ್ಟರೆ ಸಾಕು, ನೆಟ್ಟಗೆ ಒಂದೇ ಕಂಬವಾಗಿ ಇಳಿಯಿತು. ರಾಣಿಗೆ ತಲೆ ಖರ್ಚಾಯಿತು. ಅವಳು ಬೀಳುವುದಿಲ್ಲ, ಬಂಡೆಯ ಮೇಲೆ ಜಾರುತ್ತಾಳೆ. ಅದಕ್ಕಾಗಿ ಎರಡು ಮೂರು ಘನಕ್ಕೊಂದು ಚಾಚು ಇಟ್ಟು, ಪ್ರತಿ ಚಾಚಿನಲ್ಲಿ ನೀರು ಸ್ವಲ್ಪ ಹರಡಿ ಮತ್ತೆ ಇಳಿಯುವಂತೆ ಮಾಡಬೇಕಾಯಿತು. ಒಂದು ಚಾಚು ತಪ್ಪಿದರೆ ನೀರು ಪಕ್ಕಕ್ಕೆ ಹಾರಿ ರೋರರ್‌ನ ಮೇಲೆ ಬೀಳುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನಿಜವಾದ ಜೋಗ ಬೇಸಿಗೆಯಲ್ಲಿ ಸೊರಗುತ್ತದೆ. ಈ ಮಕ್ಕಳ ಜೋಗಕ್ಕೆ ವರ್ಷವಿಡೀ ಮಳೆಗಾಲ.

ಅಷ್ಟರಲ್ಲಿ ಪಟ್ಟಿ ನೋಡಿಕೊಂಡು ಯಾರೋ ಒಬ್ಬರು ಬಂದರು. ಹೆಸರಿನ ಕೊನೆಗೆ ಒಂದಿಷ್ಟು ಅಂಕಿ. ಕನ್ನಡ ಬಾರದು, ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ. ಬರೆದ ಎರಡು ಪದಗಳಿಂದ ಪೋರ್ಚುಗೀಸ್ ಇರಬಹುದು ಎಂದು ಅಂದಾಜು ಮಾಡಿದೆವು. ಆ ವ್ಯಕ್ತಿ ಜಲಪಾತದ ಕಾಲಬುಡಕ್ಕೆ ಇಳಿದು, ಅಲ್ಲಿಂದ ಮೇಲಕ್ಕೆ ಮೆಟ್ಟಿಲು ಕಟ್ಟತೊಡಗಿದರು. ಯಾರೂ ಹೇಳಿರಲಿಲ್ಲ. ನಿಜವಾದ ಜೋಗದಲ್ಲಿ ಕಣಿವೆಗೆ ಇಳಿಯುವ ಮೆಟ್ಟಿಲು ಇರುವುದು ಅವರಿಗೆ ತಿಳಿದಿರುವ ಸಾಧ್ಯತೆಯೇ ಇಲ್ಲ. ಇಷ್ಟು ಎತ್ತರದ ನೀರಿದ್ದರೆ ಕೆಳಗಿಳಿದು ನೋಡುವ ದಾರಿ ಬೇಕು ಎಂದು ಅವರಿಗೂ ಅನ್ನಿಸಿತು, ಅಷ್ಟೇ. ಪ್ರತಿ ತಿರುವಿನಲ್ಲಿ ಒಂದು ದೀಪವಿಟ್ಟು ಹೋದರು. ಮರುದಿನ ಮಕ್ಕಳು ಆ ದೀಪಗಳ ಜಾಡು ಹಿಡಿದು ಇಳಿದದ್ದನ್ನು ನೋಡಿ ನನಗಾದ ಸಂತೋಷ ಹೇಳತೀರದು. ನಮ್ಮ ಸರ್ವರ್ ಅರ್ಜಿ ಕೇಳುವಂಥದ್ದಾಗಿದ್ದರೆ ಆ ಮೆಟ್ಟಿಲುಗಳು ಇರುತ್ತಿರಲಿಲ್ಲ.

ಅದೇ ಬಾಗಿಲಿನಿಂದ ಇನ್ನೊಬ್ಬನೂ ಬಂದ. ರಾಜನ ನೆತ್ತಿಯ ಮೇಲೆ ನಿಂತು ಬಕೆಟ್ಟುಗಟ್ಟಲೆ ಲಾವಾ ಸುರಿದ. ಆಟದಲ್ಲಿ ಲಾವಾ ನೀರಿಗೆ ತಾಗಿದರೆ ಕಲ್ಲಾಗುತ್ತದೆ. ನೀರಿನ ಕಂಬವೇ ಕಪ್ಪುಗಟ್ಟಿ ನಿಂತುಬಿಟ್ಟಿತು. ಸಾಗರದ ಹುಡುಗ ಚಾಟ್‌ನಲ್ಲಿ ‘ನಮ್ಮ ಜೋಗ ಹೋಯಿತು’ ಎಂದಷ್ಟೇ ಬರೆದ.

ಹೋಗಿರಲಿಲ್ಲ. ಸರ್ವರ್‌ನಲ್ಲಿ ರೋಲ್‌ಬ್ಯಾಕ್ ದಾಖಲೆಯನ್ನು ಚಾಲೂ ಇಟ್ಟಿದ್ದರೆ ಯಾವ ಘನವನ್ನು ಯಾರು ಯಾವಾಗ ಮುಟ್ಟಿದರು ಎಂಬುದು ಬರೆದುಕೊಳ್ಳುತ್ತಾ ಹೋಗುತ್ತದೆ. ಆಜ್ಞೆ ಕೊಟ್ಟು ಘನಕ್ಕೆ ಒಂದು ಪೆಟ್ಟು ಕೊಟ್ಟರೆ ಸುತ್ತಮುತ್ತ ನಡೆದದ್ದು ಹೆಸರು ಸಮೇತ ಕಾಣುತ್ತದೆ. ಇನ್ನೊಂದು ಆಜ್ಞೆಗೆ ಆ ಹೆಸರು, ಇಷ್ಟು ಸೆಕೆಂಡು ಎಂದು ಕೊಟ್ಟರೆ ಅವನು ಮಾಡಿದ್ದೆಲ್ಲ ಹಿಂದಕ್ಕೆ ಸರಿಯುತ್ತದೆ. ಮೈನ್‌ಕ್ರಾಫ್ಟ್ ಸರ್ವರ್‌ಗಳಲ್ಲಿ ಕೋರ್‌ಪ್ರೊಟೆಕ್ಟ್ ಎಂಬ ಪ್ಲಗಿನ್, ಅಂದರೆ ಮೇಲಿಂದ ಸೇರಿಸುವ ತಂತ್ರಾಂಶ, ಇದೇ ಕೆಲಸ ಮಾಡುತ್ತದೆ. ಅವನು ಸುರಿದ ಬಕೆಟ್ಟುಗಳು ಹಿಂದಕ್ಕೆ ಹೋದವು. ನೀರಿಗೆ ತಾಗಿ ಹುಟ್ಟಿದ ಕಲ್ಲು ಪೂರ್ತಿ ಹೋಗಲಿಲ್ಲ, ಅಲ್ಲಲ್ಲಿ ಅಂಟಿಕೊಂಡಿತ್ತು. ಮಕ್ಕಳು ಗುದ್ದಲಿ ಹಿಡಿದು ಮೇಲಿಂದ ಕೆಳಗೆ ಒಡೆಯುತ್ತಾ ಬಂದರು. ಊಟದ ಹೊತ್ತಿಗೆ ರಾಜ ಮತ್ತೆ ಬೀಳುತ್ತಿದ್ದ.

ತೆರೆದ ಸರ್ವರ್ ಎಂದರೆ ಕಾವಲಿಲ್ಲದ ಸರ್ವರ್ ಎಂದು ತಿಳಿಯುವುದು ತಪ್ಪು. ಬಾಗಿಲಲ್ಲಿ ಮಾಡದ ಕೆಲಸವನ್ನು ಒಳಗೆ ಮಾಡಬೇಕು, ಅದೂ ದಿನವೂ. ದಾಖಲೆ ಚಾಲೂ ಇರಬೇಕು. ಲೋಕದ ಪ್ರತಿಯನ್ನು ಬೇರೆ ಯಂತ್ರಕ್ಕೆ ತೆಗೆದಿಡಬೇಕು. ತಂತ್ರಾಂಶ ಹೊಸದಾದಾಗಲೆಲ್ಲ ಏರಿಸಿಕೊಳ್ಳಬೇಕು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಶೆಲ್ ಎಂಬ ದೋಷ ಬಯಲಾದಾಗ ಮೈನ್‌ಕ್ರಾಫ್ಟ್‌ನ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿಯೇ ಸರ್ವರನ್ನು ವಶಪಡಿಸಿಕೊಳ್ಳಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ ಒಬ್ಬ ದೊಡ್ಡವರು ಎಚ್ಚರವಾಗಿ ಅಲ್ಲಿ ಕೂತಿರಬೇಕು. ವೈಟ್‌ಲಿಸ್ಟ್ ಹಾಕಿದರೆ ಈ ಕೆಲಸ ಕಡಿಮೆಯಾಗುತ್ತದೆ, ನಿಜ. ಆದರೆ ನಮ್ಮ ಶ್ರಮ ಉಳಿಯಲೆಂದು ಆ ಜಗಲಿಯ ಹುಡುಗಿಯನ್ನು ಹೊರಗೆ ನಿಲ್ಲಿಸುವುದು ನನಗೆ ಒಪ್ಪಿಗೆಯಲ್ಲ.

ಹಾಗಾದರೆ ಕಿಡಿಗೇಡಿಯನ್ನು ಒದ್ದು ಹೊರಗಟ್ಟಿದೆಯಾ ಎಂದು ಕೇಳಿದವರಿದ್ದಾರೆ. ಹೆಸರನ್ನು ನಿಷೇಧಿಸಿದೆ. ಹೆಸರು ನಿಷೇಧಿಸಿದರೆ ಇನ್ನೊಂದು ಹೆಸರಿನಲ್ಲಿ ಬರಲು ಒಂದು ನಿಮಿಷ ಸಾಕು. ಐಪಿ ವಿಳಾಸವನ್ನೇ, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನೇ ನಿಷೇಧಿಸಬಹುದಲ್ಲ ಎಂದರು. ಇಲ್ಲಿ ನಮ್ಮ ಕಡೆಗೆ ವಿಶೇಷವಾಗಿ ಅನ್ವಯಿಸುವ ಒಂದು ತೊಡಕಿದೆ. ಐಪಿವಿ4 ಎಂಬ ಹಳೆಯ ಬಗೆಯ ವಿಳಾಸಗಳು ಸಾಲದ್ದರಿಂದ ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಹೊರಗಿನಿಂದ ನೋಡಿದರೆ ಅವರೆಲ್ಲ ಒಂದೇ ಮನೆಯವರಂತೆ ಕಾಣುತ್ತಾರೆ. ಒಬ್ಬನ ಮೇಲಿನ ಸಿಟ್ಟಿಗೆ ಆ ವಿಳಾಸ ಮುಚ್ಚಿದರೆ ಅದರ ಹಿಂದಿರುವ ಯಾವುದೋ ಊರಿನ ಮಕ್ಕಳೆಲ್ಲ ಕಾರಣ ತಿಳಿಯದೆ ಹೊರಗಾಗುತ್ತಾರೆ. ನಮ್ಮ ಹುಡುಗರೇ ಬೇರೆ ಸರ್ವರ್‌ಗಳಲ್ಲಿ ಹಾಗೆ ಹೊರಗೆ ನಿಂತದ್ದಿದೆ. ತಾವು ಕಾಲಿಡುವ ಮೊದಲೇ ತಮ್ಮನ್ನು ನಿಷೇಧಿಸಲಾಗಿದೆ ಎಂಬ ಸಾಲು ಓದಿ ಪೆಚ್ಚಾದದ್ದನ್ನು ನಾನು ನೋಡಿದ್ದೇನೆ. ಹೀಗಾಗಿ ನಾನು ವಿಳಾಸವನ್ನು ಮುಟ್ಟುವುದಿಲ್ಲ. ಕೆಡಿಸಿದ್ದನ್ನು ಸರಿಪಡಿಸುತ್ತೇವೆ. ಮತ್ತೆ ಕೆಡಿಸಿದರೆ ಮತ್ತೆ ಸರಿಪಡಿಸುತ್ತೇವೆ. ಕೆಡಿಸುವವನಿಗೆ ಬೇಕಾದದ್ದು ಇನ್ನೊಬ್ಬರ ಅಳು. ಅದು ಸಿಗದಿದ್ದರೆ ಬೇಸರ ಬಂದು ಬೇರೆ ಕಡೆ ಹೋಗುತ್ತಾನೆ.

ಇದೇ ತೊಡಕಿನಿಂದ ಮನೆಯ ಕಂಪ್ಯೂಟರ್‌ನಲ್ಲಿ ಸರ್ವರ್ ನಡೆಸಲಾಗದೆ, ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ಮುಂಬೈಯ ಡೇಟಾ ಸೆಂಟರ್‌ನಲ್ಲಿ ಒಂದು ಚಿಕ್ಕ ಯಂತ್ರವನ್ನು ಬಾಡಿಗೆಗೆ ಹಿಡಿದಿದ್ದೇನೆ. ಅದರಿಂದ ಒಂದು ಉಪಕಾರವಾಯಿತು. ಆಷಾಢದ ಒಂದು ಸಂಜೆ ಒಳಗೆ ಹದಿನೈದಿಪ್ಪತ್ತು ಮಂದಿ ಇದ್ದರು, ಹೆಚ್ಚಿನವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು. ಒಮ್ಮೆಲೆ ‘ಆಟ ಬಿಟ್ಟರು’ ಎಂಬ ಸಾಲುಗಳು ಒಂದರ ಕೆಳಗೊಂದು ಸುರಿದವು. ತೀರ್ಥಹಳ್ಳಿಯ ಗುಂಪಿಡೀ ಮಾಯ. ಸ್ವಲ್ಪ ಹೊತ್ತಿಗೆ ಹೊಸನಗರದವರೂ ಇಲ್ಲ. ಆ ಕಡೆ ಗಾಳಿಮಳೆ ಎದ್ದಿದೆ ಎಂದು ನನಗೆ ಶಿವಮೊಗ್ಗದಲ್ಲಿ ಕೂತಲ್ಲಿಯೇ ತಿಳಿಯಿತು. ಕರೆಂಟ್ ಹೋದರೆ ಟವರ್‌ನ ಬ್ಯಾಟರಿ ಎಷ್ಟು ಹೊತ್ತು ಬಂದೀತು? ಒಳಗೆ ಉಳಿದ ಹೊರಗಿನ ಆಟಗಾರನೊಬ್ಬ, ಎಲ್ಲರೂ ಸಿಟ್ಟಾಗಿ ಹೋದರೇ ಎಂದು ಕೇಳಿದ. ಮಳೆ ಎಂದೆ. ಮರ ಬಿದ್ದು ಲೈನ್ ಹೋಗಿದೆ, ನಾಳೆಯೋ ನಾಡಿದ್ದೋ ಬರುತ್ತಾರೆ ಎಂದೆ. ಅವರು ಬಂದಾಗ ಕಟ್ಟಿದ್ದೆಲ್ಲ ಇದ್ದಲ್ಲೇ ಇತ್ತು. ಊರಿನಲ್ಲಿ ಕರೆಂಟ್ ಇಲ್ಲದಾಗಲೂ ಅವರ ಊರು ಅಲ್ಲಿ ನಡೆಯುತ್ತಿರುತ್ತದೆ ಎಂಬುದು ಆ ಮಕ್ಕಳಿಗೆ ಎಷ್ಟು ದೊಡ್ಡ ಭರವಸೆ ಎಂಬುದನ್ನು ಅವರ ಮಾತಿನಲ್ಲೇ ಕೇಳಿದ್ದೇನೆ.

ಹೆತ್ತವರ ಚಿಂತೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಯಾರು ಬೇಕಾದರೂ ಬರುವ ಜಾಗಕ್ಕೆ ಮಕ್ಕಳನ್ನು ಬಿಡುವುದೇ? ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಎರಡು ಭಾಗದ್ದು. ಅರ್ಜಿ ಕೇಳುವ ಸರ್ವರ್ ಮಗುವಿನ ವಯಸ್ಸು, ಊರು, ಕೆಲವೊಮ್ಮೆ ದನಿಯನ್ನು ಕೂಡ ಮೊದಲೇ ಒಬ್ಬ ಅಪರಿಚಿತನ ಕೈಗೆ ಕೊಡುತ್ತದೆ. ಆ ಫಾರಂಗಳು ಎಲ್ಲಿ ಉಳಿಯುತ್ತವೆ, ಯಾರು ಓದುತ್ತಾರೆ ಎಂದು ಯಾರೂ ಕೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ ಅವರ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮಲ್ಲಿ ಕೇಳುವುದು ಒಂದು ಕಲ್ಪಿತ ಹೆಸರು ಮತ್ತು ಪಾಸ್‌ವರ್ಡ್. ಸಂಪರ್ಕಕ್ಕೆ ಬೇಕಾದ ಐಪಿ ವಿಳಾಸ ಬಿಟ್ಟರೆ ಬೇರೇನೂ ನನಗೆ ತಿಳಿಯುವುದಿಲ್ಲ. ತಿಳಿಯದ್ದು ಸೋರಿಕೆಯಾಗುವುದಿಲ್ಲ. ಎರಡನೆಯದು, ಗುಟ್ಟಿನ ಮಾತಿಗೆ ಅವಕಾಶ ಕೊಡದಿರುವುದು. ಇಬ್ಬರ ನಡುವಿನ ಖಾಸಗಿ ಸಂದೇಶವನ್ನು ನಮ್ಮ ಸರ್ವರ್‌ನಲ್ಲಿ ತೆಗೆದುಹಾಕಿದ್ದೇನೆ. ಆಡಿದ ಮಾತೆಲ್ಲ ಎಲ್ಲರಿಗೂ ಕಾಣುತ್ತದೆ. ನಿಜ ಹೆಸರು, ಶಾಲೆ, ಫೋನ್ ನಂಬರ್ ಕೇಳಿದವರನ್ನು ಆ ಕ್ಷಣವೇ ಹೊರಗೆ ಹಾಕುತ್ತೇನೆ, ಅಲ್ಲಿ ಮಾತ್ರ ನನ್ನಲ್ಲಿ ಎರಡನೆಯ ಅವಕಾಶ ಇಲ್ಲ.

ದೊಡ್ಡ ಕಂಪನಿಗಳ ಆಟಗಳಿಗೂ ಅರ್ಜಿ ಬೇಕಿಲ್ಲ, ಅವೂ ಮುಕ್ತವೇ ಅಲ್ಲವೇ ಎಂದು ಒಬ್ಬ ಹುಡುಗ ಕೇಳಿದ್ದ. ಅಲ್ಲ. ಅಲ್ಲಿ ಬಾಗಿಲು ತೆರೆದಿದೆ, ಆದರೆ ಕೀಲಿ ಬೇರೆಯವರ ಜೇಬಿನಲ್ಲಿದೆ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿದಾಗ ಆಡುತ್ತಿದ್ದ ಕೋಟ್ಯಂತರ ಜನರ ಬಳಿ ಇಟ್ಟುಕೊಳ್ಳಲು ಏನೂ ಇರಲಿಲ್ಲ. ನಿಷೇಧ ಸರಿಯೋ ತಪ್ಪೋ ಬೇರೆ ಮಾತು. ಸರ್ವರ್ ಒಂದು ಕಡೆ ನಿಂತರೆ ಆಟವೇ ನಿಂತಿತು. 2012ರಲ್ಲಿ ಸಿಟಿ ಆಫ್ ಹೀರೋಸ್ ಆಟವನ್ನು ಅದರ ಕಂಪನಿ ಮುಚ್ಚಿತು. ಅಭಿಮಾನಿಗಳು ತಾವೇ ಸರ್ವರ್ ನಡೆಸಿ ಅದನ್ನು ಮತ್ತೆ ಎಬ್ಬಿಸಿದರು. 2024ರ ಜನವರಿಯಲ್ಲಿ ಹೋಮ್‌ಕಮಿಂಗ್ ಎಂಬ ಅವರ ಸರ್ವರ್‌ಗೆ ಕಂಪನಿ ಅಧಿಕೃತ ಪರವಾನಗಿ ಕೊಟ್ಟಿತು. ಸರ್ವರ್ ನಡೆಸುವ ವಿದ್ಯೆ ಸಾಮಾನ್ಯ ಜನರ ಕೈಯಲ್ಲಿ ಇದ್ದುದರಿಂದ ಆ ಲೋಕ ಉಳಿಯಿತು. ನಮ್ಮ ಸರ್ವರ್‌ನ ಲೋಕದ ಪ್ರತಿಯನ್ನು ಕೇಳಿದ ಮಕ್ಕಳಿಗೆಲ್ಲ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುತ್ತೇನೆ. ನಾಳೆ ನಾನಿಲ್ಲದಿದ್ದರೂ ಯಾರ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಾದರೂ ಅವರ ಜೋಗ ಬೀಳಬಹುದು.

ಕಳೆದ ದಸರಾ ರಜೆಯಲ್ಲಿ ದೊಡ್ಡ ಮಕ್ಕಳು ಒಂದು ಪ್ರಸ್ತಾಪ ತಂದರು. ಲಾವಾದ ನೆನಪು ಅವರಿಗೆ ಮಾಸಿರಲಿಲ್ಲ. ಹೊಸಬರಿಗೆ ಮೊದಲು ಮಾತಿನ ಹಕ್ಕು ಮಾತ್ರ ಕೊಡೋಣ, ಮಾತಾಡಿಸಿ ನೋಡಿ ನಮ್ಮಲ್ಲಿ ಯಾರಾದರೂ ಒಪ್ಪಿದ ಮೇಲೆ ಮುಟ್ಟುವ ಹಕ್ಕು ಕೊಡೋಣ ಎಂದರು. ಪ್ರಸ್ತಾಪದಲ್ಲಿ ಹುರುಳಿತ್ತು. ನಾನು ಒಪ್ಪದಿರುವುದಕ್ಕೆ ಕಾರಣವನ್ನು ವಿವರಿಸುವ ಮೊದಲೇ ಹೊಸನಗರದ ಹುಡುಗಿ ಬರೆದಳು. ತಾನು ಬಂದ ಮೊದಲ ಎರಡು ವಾರ ಒಂದಕ್ಷರ ಮಾತಾಡಿರಲಿಲ್ಲ, ರಾಣಿಗೆ ಚಾಚು ಇಡುತ್ತಿದ್ದೆ ಅಷ್ಟೇ, ಮಾತಾಡಿಸಿ ನೋಡಬೇಕೆಂದಿದ್ದರೆ ತಾನು ಅವತ್ತೇ ಹೊರಟುಹೋಗುತ್ತಿದ್ದೆ ಎಂದಳು. ಅವಳು ಇಷ್ಟುದ್ದ ಬರೆದದ್ದು ಅದೇ ಮೊದಲು. ರಾಣಿಯ ಅರ್ಧ ಭಾಗ ಅವಳ ಕೈಯದು ಎಂಬುದು ದಾಖಲೆಯಲ್ಲಿ ಎಲ್ಲರಿಗೂ ಕಾಣುವಂತಿತ್ತು. ಚರ್ಚೆ ಬೇರೆ ದಾರಿ ಹಿಡಿಯಿತು.

ಕೊನೆಗೆ ನಿಂತ ತೀರ್ಮಾನ ಹೀಗೆ. ಜಲಪಾತದ ನೆತ್ತಿಯ ಪಟ್ಟಿಯೊಂದನ್ನು ರಕ್ಷಿತ ಜಾಗವೆಂದು ಗುರುತಿಸಿ, ಅಲ್ಲಿ ಕಟ್ಟಿದವರು ಮಾತ್ರ ಕೈಹಾಕಬಹುದು ಎಂದಾಯಿತು. ಲಾವಾ ಬಕೆಟ್ ಹೊಸಬರ ಕೈಗೆ ಸಿಗದಂತೆ ಮಾಡಿದೆವು. ಉಳಿದದ್ದೆಲ್ಲ ಮೊದಲಿನಂತೆ, ಬಂದ ಕ್ಷಣದಿಂದ ಮುಟ್ಟಬಹುದು, ಅಗೆಯಬಹುದು, ಕಟ್ಟಬಹುದು. ರೋಲ್‌ಬ್ಯಾಕ್‌ನ ಅಧಿಕಾರ ಇಷ್ಟು ದಿನ ನನ್ನೊಬ್ಬನ ಬಳಿ ಇತ್ತು. ಈಗ ಆ ಹುಡುಗಿಗೂ ಕೊಟ್ಟಿದ್ದೇನೆ. ಸಿಗ್ನಲ್ ಇದ್ದ ದಿನ ಅವಳು ನನಗಿಂತ ಮೊದಲೇ ಬಂದು ದಾಖಲೆ ನೋಡಿರುತ್ತಾಳೆ.

ರಾಕೆಟ್ ಇನ್ನೂ ಆಗಿಲ್ಲ. ಬಂಡೆಯಿಂದ ಚಿಮ್ಮಿದಂತೆ ಬೀಳಬೇಕು, ಆಟದ ನೀರಿಗೆ ಚಿಮ್ಮುವ ಗುಣವಿಲ್ಲ. ಬಿಳಿ ಗಾಜಿನ ಘನಗಳನ್ನು ನಡುವೆ ಸೇರಿಸಿ ನೋಡೋಣ ಎಂದು ಸಾಗರದ ಹುಡುಗ ಹೇಳುತ್ತಿದ್ದಾನೆ. ಸಂಜೆ ಏಳರ ಮೇಲೆ ಯಾರಾದರೂ ಒಳಗಿರುತ್ತಾರೆ. ಬರುವವರು ಪಾಸ್‌ವರ್ಡನ್ನು ಎಲ್ಲಿಯಾದರೂ ಬರೆದಿಟ್ಟುಕೊಳ್ಳಿ. ಇಮೇಲ್ ಕೇಳುವುದಿಲ್ಲವಾದ್ದರಿಂದ ಮರೆತರೆ ಹೊಸದನ್ನು ಕಳುಹಿಸಲು ನನಗೆ ದಾರಿಯಿಲ್ಲ.